ಬೆನ್ನ ಹಿಂದಿನ ನಾಳೆ

ಜೂನ್ ೯

ತಮ್ಮಾ,

ಮೆಣಸು ಕ್ಷೇಮ. ಮೊದಲು ಅದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಉಳಿದದ್ದನ್ನು ಬಿಟ್ಟು ಕೊನೆಯ ಸಾಲಿಗೆ ಓಡುತ್ತೀ. ಈ ಮೆಣಸಿನಕಾಳಿನಂಥ ಮಗಳನ್ನು ನೀನು ನಮ್ಮ ಮನೆಯಲ್ಲಿ ಬಿಟ್ಟುಹೋಗಿ ಇವತ್ತಿಗೆ ಹನ್ನೆರಡು ದಿನ. ಫೋನು ಮಾಡು, ಫೋನು ಮಾಡು ಎಂದು ಸಂದೇಶ ಕಳಿಸುತ್ತಲೇ ಇದ್ದೀ. ಮಾಡುವುದಿಲ್ಲ. ಫೋನಿನಲ್ಲಿ ನೀನು "ಹ್ಞೂ, ಹ್ಞೂ" ಅಂದು ಜಾರಿಕೊಳ್ಳುತ್ತೀ. ಕಾಗದದಲ್ಲಿ ಹಾಗೆ ಜಾರಲು ಆಗುವುದಿಲ್ಲ. ಮೇಲಾಗಿ ನಮ್ಮದು ಎರಡು ಕೋಣೆಯ ಮನೆ. ನಾನು ಏನು ಮಾತಾಡಿದರೂ ನಾಲ್ಕು ವರ್ಷದ ಕಿವಿಯೊಂದು ಬಾಗಿಲ ಸಂದಿಯಲ್ಲಿ ಇದ್ದೇ ಇರುತ್ತದೆ.

ದಿನಾ ಅವಳನ್ನು ನನ್ನ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ. ಕೌಂಟರಿನ ಒಳಗಡೆ ಅವಳಿಗೊಂದು ಸ್ಟೂಲು. ಮೊನ್ನೆ ಖಾಲಿ ಟ್ರೇಗಳನ್ನು ಕೊಟ್ಟು, ಸಾಮಾನೆಲ್ಲ ಜೋಡಿಸು ಎಂದೆ. ಕನ್ನಡಕ, ಬೀಗದ ಕೈ, ಸೂಜಿ, ಜ್ಯೂಸು ಹೀರುವ ಕೊಳವೆ ಎಲ್ಲವನ್ನೂ ಒಂದೇ ಟ್ರೇಗೆ ಹಾಕಿ ಕೂತಿದ್ದಳು. ಕೇಳಿದರೆ, "ಇವೆಲ್ಲ ಒಂದೇ ಮನೆಯವ್ರು ಅತ್ತೆ. ಆ ಕಡೆಗೆ ದಾಟಿಸೋವು" ಅಂದಳು. ಗಿರಾಕಿಯೊಬ್ಬರು ನಕ್ಕು ಸುಸ್ತಾದರು. ಇದು ನಿನ್ನ ಭಾಷೆಯ ಕಿತಾಪತಿ ಎಂದು ನನಗೆ ಗೊತ್ತು. ಮಗು ಹುಟ್ಟಿದಾಗಿನಿಂದ ನೀನೇ ಕಟ್ಟಿದ ಭಾಷೆಯಲ್ಲಿ ಅದನ್ನು ಮಾತಾಡಿಸಿದರೆ ಇನ್ನೇನಾಗುತ್ತದೆ? ನನ್ನ ಹತ್ತಿರ ಮನೆಮಾತು ಚೆನ್ನಾಗಿಯೇ ಆಡುತ್ತಾಳೆ, ಆ ಯೋಚನೆ ಬೇಡ.

ಯೋಚನೆ ಬೇರೆಯದು. ಅವಳು ಹಿಂದೆ ತಿರುಗಿ ನೋಡುತ್ತಾಳೆ. ಉಣ್ಣುವಾಗ, ರಸ್ತೆಯಲ್ಲಿ ನಡೆಯುವಾಗ, ಹಲ್ಲುಜ್ಜುವಾಗ ತಟ್ಟನೆ ಕತ್ತು ಹೊರಳಿಸಿ ಬೆನ್ನ ಹಿಂದೆ ನೋಡಿ ಮತ್ತೆ ಮುಂದಕ್ಕೆ ತಿರುಗುತ್ತಾಳೆ. ನಿನ್ನೆ ಎಣಿಸಿದೆ. ಮಧ್ಯಾಹ್ನದೊಳಗೆ ಮೂವತ್ತೊಂದು ಸಲ. ಒಮ್ಮೆ ದೀಪದ ಕಂಬಕ್ಕೆ ಹಣೆ ಗುದ್ದಿಕೊಂಡಳು. ನಿಮ್ಮ ಭಾವ, "ಒಳ್ಳೇ ಡ್ರೈವರ್ ಆಗ್ತಾಳೆ ಬಿಡು, ಕನ್ನಡಿ ನೋಡೋ ಅಭ್ಯಾಸ ಈಗ್ಲೇ ಬಂದಿದೆ" ಅನ್ನುತ್ತಾರೆ. ಬಸ್ಸು ಓಡಿಸುವವರಿಗೆ ಜಗತ್ತೆಲ್ಲ ಬಸ್ಸು.

"ಹಿಂದೆ ಯಾರೇ ಇದ್ದಾರೆ?" ಎಂದು ಕೇಳಿದೆ.

"ಇನ್ನೂ ಯಾರೂ ಇಲ್ಲ ಅತ್ತೆ."

ಆ "ಇನ್ನೂ" ಕೇಳಿ ನನಗೆ ಒಂಥರಾ ಆಯಿತು. ಕಣ್ಣು ಪರೀಕ್ಷಿಸಿದೆ, ಏನೂ ದೋಷವಿಲ್ಲ. ಎಲ್ಲಾದರೂ ಬಿದ್ದಿದ್ದಳೇ? ಯಾರಾದರೂ ಹೆದರಿಸಿದ್ದಾರೆಯೇ? ಅವಳ ಅಮ್ಮ ಕೆಲಸದ ಮೇಲೆ ದೂರ ಹೋಗಿದ್ದಾಳೆ ಎಂದೆಯಲ್ಲ, ಯಾವಾಗ ಬರುತ್ತಾಳೆ? ಮೂರಕ್ಕೂ ಉತ್ತರ ಬರಿ.

ಅಕ್ಕ


ಜೂನ್ ೧೯

ಅಕ್ಕಾ,

ಬಿದ್ದಿಲ್ಲ. ಯಾರೂ ಹೆದರಿಸಿಲ್ಲ. ದಿಂಬು ಎತ್ತರವಾಗಿದ್ದರೆ ಕತ್ತು ಹಿಡಿದುಕೊಳ್ಳುತ್ತದೆ, ತೆಳುವಾದದ್ದು ಕೊಡು.

ಟ್ರೇಯ ಕಥೆ ಓದಿ ನಾನು ಕುರ್ಚಿಯಿಂದ ಎದ್ದು ಕೋಣೆಯಲ್ಲಿ ನಾಲ್ಕು ಸುತ್ತು ಹಾಕಿದೆ. ಇಲ್ಲಿ ಈ ಆಟದ ಕಂಪನಿಯಲ್ಲಿ ಹನ್ನೊಂದು ಜನ ದೊಡ್ಡವರಿಗೆ ನನ್ನ ಭಾಷೆ ಕಲಿಸಲು ಹೆಣಗುತ್ತಿದ್ದೇನೆ. ಕಂಪ್ಯೂಟರ್ ಆಟದಲ್ಲಿ ಬರುವ ಗುಡ್ಡದ ಜನ ಅದನ್ನು ಆಡಬೇಕು, ನವೆಂಬರಿನೊಳಗೆ ಎಲ್ಲ ಮುಗಿಯಬೇಕು. ಇವರಿಗೆ ಪದಗಳ ಪಟ್ಟಿ ಸಾಕು. ನಾನು ದಿನಾ ಬಡಿದುಕೊಳ್ಳುತ್ತೇನೆ: ಪಟ್ಟಿಯಲ್ಲಿ ಅರ್ಥ ಇರುವುದಿಲ್ಲ, ಅರ್ಥ ಇರುವುದು ಮೈಯಲ್ಲಿ. ನಮ್ಮ ಮಾತನ್ನೇ ನೋಡು. ಕೋಪ ನೆತ್ತಿಗೇರುತ್ತದೆ, ಆಮೇಲೆ ಇಳಿಯುತ್ತದೆ. ಪಕ್ಕದ ಮನೆಯವರ ಏಳಿಗೆ ಕಂಡರೆ ಹೊಟ್ಟೆ ಉರಿಯುತ್ತದೆ, ಮಕ್ಕಳನ್ನು ಕಂಡರೆ ಕಣ್ಣು ತಂಪಾಗುತ್ತದೆ. ಇದನ್ನು ಯಾರೂ ಕೂತು ನಿಯಮ ಮಾಡಿದ್ದಲ್ಲ. ಬೆವರುವ, ಬೀಳುವ, ಹಸಿಯುವ ಮೈ ಮಾಡಿದ್ದು. ಹೊಸ ಭಾಷೆ ಕಟ್ಟುವವನು ಹೊಸ ಪದ ಕಟ್ಟಿದರೆ ಅದು ಹಳೆ ಭಾಷೆಗೆ ಹೊಸ ಅಂಗಿ ಅಷ್ಟೆ. ಮೈ ಜಗತ್ತನ್ನು ಹಿಡಿಯುವ ರೀತಿಯನ್ನೇ ಹೊಸದಾಗಿ ಕಟ್ಟಬೇಕು. ಯಾವುದು ಯಾವುದರ ಜೊತೆ ಒಂದೇ ಮನೆಯದು, ಯಾವುದು ಮೇಲೆ, ಯಾವುದು ಬಳಿ ಎಲ್ಲವನ್ನೂ. ಆಮೇಲೆ ಪದಗಳು ತಾವಾಗಿ ಬರುತ್ತವೆ.

ಮೆಣಸು ಅದನ್ನು ನಿನ್ನ ಅಂಗಡಿಯಲ್ಲಿ ಟ್ರೇಯಲ್ಲಿಟ್ಟು ತೋರಿಸಿದಳು ನೋಡು. ಅವಳೊಬ್ಬಳೇ ನನ್ನ ಭಾಷೆಯಲ್ಲಿ ಹುಟ್ಟಿದವಳು.

ಅವಳ ಅಮ್ಮನ ಕೆಲಸ ಇನ್ನೂ ಮುಗಿದಿಲ್ಲ.

ತಮ್ಮ


ಜುಲೈ ೮

ತಮ್ಮಾ,

ದಿಂಬು ಬದಲಿಸಿದೆ. ಆಗಲಿಲ್ಲ. ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಎಕ್ಸ್‌ರೇ ತೆಗೆಸಿ, ಮೂಳೆ ಸರಿಯಿದೆ, ಅಭ್ಯಾಸಬಲ ಇರಬೇಕು ಎಂದು ಹತ್ತು ದಿನಕ್ಕೆ ಕತ್ತಿನ ಪಟ್ಟಿ ಹಾಕಿಸಿದರು. ಪಟ್ಟಿ ಹಾಕಿದ ಮೇಲೆ ಕತ್ತು ತಿರುಗುವುದು ನಿಂತಿತು. ಅವಳೇ ತಿರುಗತೊಡಗಿದಳು. ಕಾಲಿನಿಂದ ತಲೆಯವರೆಗೆ ಇಡೀ ಮಗು ಬಾಗಿಲ ಹಾಗೆ ಗಿರ್ರನೆ ತಿರುಗಿ ಹಿಂದೆ ನೋಡಿ ಮತ್ತೆ ಬಾಗಿಲ ಹಾಗೆ ಮುಂದಕ್ಕೆ ಬರುವುದು. ನಾವು ನಕ್ಕೆವು. ಅದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಗೊತ್ತಾದದ್ದು ಶುಕ್ರವಾರ. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. "ನಾಳೆ ನಿನ್ನ ಕತ್ತಿನ ಪಟ್ಟಿ ತೆಗೀತಾರೆ ಕಣೇ" ಅಂದೆ. ಅವಳು ಹಿಂದೆ ತಿರುಗಿ ನೋಡಿದಳು. ನನಗೆ ಏನೋ ಹೊಳೆಯಿತು. ಕಣ್ಣಿನ ಪರೀಕ್ಷೆಯಲ್ಲಿ ಒಂದೊಂದೇ ಲೆನ್ಸು ಹಾಕಿ, ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ಕೇಳುವ ಹಾಗೆ ಕೇಳುತ್ತಾ ಹೋದೆ.

"ನಿನ್ನೆ ನಾವು ಎಲ್ಲಿಗೆ ಹೋಗಿದ್ವಿ?"

"ಪಾರ್ಕಿಗೆ." ಬೆರಳು ಮುಂದಕ್ಕೆ, ಅಕ್ಷರದ ಚಾರ್ಟಿನ ಕಡೆಗೆ ತೋರಿಸಿತು.

"ಭಾನುವಾರ ಎಲ್ಲಿಗೆ ಹೋಗ್ತೀವಿ?"

ಹೆಬ್ಬೆರಳು ಭುಜದ ಮೇಲಿಂದ ಹಿಂದಕ್ಕೆ.

"ಮಾವನ ಬಸ್ಸು ಎಷ್ಟೊತ್ತಿಗೆ ಬರುತ್ತೆ?"

ಹಿಂದಕ್ಕೆ. ಕೊನೆಗೆ ಅದನ್ನೂ ಕೇಳಿದೆ.

"ಅಮ್ಮ?"

ಅವಳು ಸ್ಟೂಲಿನಿಂದ ಇಳಿದಳು. ಪೂರ್ತಿ ತಿರುಗಿ, ನನಗೆ ಬೆನ್ನು ಹಾಕಿ, ಸುಣ್ಣ ಉದುರಿದ ಬರೀ ಗೋಡೆಯನ್ನು ನೋಡುತ್ತಾ ನಿಂತಳು. ಒಬ್ಬ ಗಿರಾಕಿ ಬಂದು ಫ್ರೇಮಿನ ಸ್ಕ್ರೂ ಬಿಗಿಸಿಕೊಂಡು ಹೋದರೂ ನಿಂತೇ ಇದ್ದಳು. ಆಮೇಲೆ, "ಅಪ್ಪ ಹೇಳಿದಾರೆ, ಹಿಂದೇನೇ ಇದ್ದಾಳಂತೆ. ನಾನು ಬೇಗ ತಿರುಗಿದ್ರೆ ಸಿಗ್ತಾಳೆ" ಅಂದಳು.

ಬೇಗ ತಿರುಗಿದರೆ ಸಿಗುತ್ತಾಳಂತೆ, ಕೇಳಿದೆಯಾ? ಆ ಮಗುವಿಗೆ ಕತ್ತು ನೋವಲ್ಲ. ಅದು ತಾನು ನಿಧಾನ ಎಂದುಕೊಂಡಿದೆ.

ಏನು ಕಲಿಸಿದ್ದೀ ಅವಳಿಗೆ? ಏನು ಹೇಳಿದ್ದೀ?

ಅಕ್ಕ


ಜುಲೈ ೧೭

ಅಕ್ಕಾ,

ನಿನ್ನ ಕಾಗದ ಮೂರು ಸಲ ಓದಿದೆ. ಹೌದು, ಅದು ನನ್ನ ಭಾಷೆಯ ಅಡಿಪಾಯ. ನಾವು ನಾಳೆಯನ್ನು ಮುಂದಿದೆ ಅನ್ನುತ್ತೇವೆ, ನಡೆದುಕೊಂಡು ಹೋಗುವವರ ಹಾಗೆ. ಆದರೆ ಯೋಚಿಸು, ನಾವು ಕಂಡದ್ದು ನಿನ್ನೆಯನ್ನು. ಕಂಡದ್ದು ಕಣ್ಣ ಮುಂದಿರಬೇಕು. ನಾಳೆಯನ್ನು ಯಾರೂ ಕಂಡಿಲ್ಲ, ಹಾಗಾಗಿ ಅದು ಬೆನ್ನ ಹಿಂದೆ. ಹೀಗೆ ಮಾತಾಡುವ ಬೆಟ್ಟದ ಜನ ನಿಜವಾಗಿಯೂ ಇದ್ದಾರೆಂದು ಓದಿ ನನ್ನ ಗುಡ್ಡದ ಜನರಿಗೂ ಹಾಗೇ ಮಾಡಿದೆ. ಗೊತ್ತಾದದ್ದೆಲ್ಲ ಎದುರಿಗೆ, ಬರಬೇಕಾದದ್ದೆಲ್ಲ ಹಿಂದೆ.

ಆದರೆ ಕಾಗದದ ಮೇಲೆ ಬರೆಯುವುದು ಬೇರೆ. ಇದು ಮಗುವಿನ ಕತ್ತಿಗೇ ಇಳಿದಿದೆ! ನಮ್ಮ ತಂಡದವರಿಗೆ ಹೇಳಿದೆ, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಟದಲ್ಲಿ ಯಾರಿಗಾದರೂ ಕಾಯುವವರು ಹೀಗೇ ಹಿಂತಿರುಗಿ ನೋಡಲಿ ಎಂದು ನಿರ್ದೇಶಕರು ಅಲ್ಲೇ ತೀರ್ಮಾನಿಸಿದರು. ಚಿತ್ರ ಬರೆಯುವವಳು ನನ್ನನ್ನು ನಿಲ್ಲಿಸಿ ಕತ್ತು ತಿರುಗಿಸಲು ಹೇಳಿ ಗೆರೆ ಎಳೆದುಕೊಂಡಳು. ನಾಲ್ಕು ವರ್ಷದಲ್ಲಿ ನನ್ನ ಕೆಲಸಕ್ಕೆ ಇಂಥ ಪುರಾವೆ ಸಿಕ್ಕಿರಲಿಲ್ಲ.

ಮೇಲಿನದನ್ನು ಬೆಳಿಗ್ಗೆ ಬರೆದೆ. ಈಗ ಸಂಜೆ. ಹರಿದು ಹಾಕಬೇಕೆಂದಿದ್ದೆ. ಹಾಕುವುದಿಲ್ಲ, ನಾನು ಎಂಥವನೆಂದು ನಿನಗೆ ಗೊತ್ತಾಗಲಿ. ಅಮ್ಮ ಹಿಂದಿದ್ದಾಳೆ ಎಂದು ನಾನೇ ಹೇಳಿದೆ. ಫೆಬ್ರವರಿಯಲ್ಲಿ, ಅವಳು ಪೆಟ್ಟಿಗೆ ತೆಗೆದುಕೊಂಡು ಹೋದ ದಿನ. ಬೇಗ ತಿರುಗಿದರೆ ಸಿಗುತ್ತಾಳೆ ಎಂದು ಹೇಳಲಿಲ್ಲ. ಅದನ್ನು ಮೆಣಸು ತಾನೇ ಕಟ್ಟಿಕೊಂಡಿದ್ದಾಳೆ.

ತಮ್ಮ


ಆಗಸ್ಟ್ ೧೧

ಅತ್ತಿಗೆಯವರಿಗೆ ನಮಸ್ಕಾರ.

ಮಗಳು ಹಿಂತಿರುಗಿ ನೋಡುವುದಕ್ಕೆ ಒಂದು ಆಟದ ತಂಡ ಚಪ್ಪಾಳೆ ತಟ್ಟಿದ ಸುದ್ದಿಯನ್ನು ನಿಮ್ಮ ಕಾಗದದಿಂದ ತಿಳಿದೆ. ನಾನಿಲ್ಲಿ ನೀರು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ, ದಿನಕ್ಕೆ ಎಂಬತ್ತು ಬಾಟಲಿ. ಆ ದಿನ ಎರಡು ಒಡೆದೆ.

ನಾನು ಕೆಲಸದ ಮೇಲೆ ಬಂದವಳಲ್ಲ. ಮನೆ ಬಿಟ್ಟು ಬಂದವಳು. ತಿರುಗಿ ಬರುವುದಿಲ್ಲ. ಇದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೆ. ಮಗುವಿಗೂ ಗೊತ್ತಿದೆ ಎಂದುಕೊಂಡಿದ್ದೆ. ಹೊರಡುವ ಮೊದಲು ನಿಮ್ಮ ತಮ್ಮ, ನಾನು ಇಬ್ಬರೂ ಕೂತು ಮೂರು ವಾಕ್ಯ ಬರೆದಿದ್ದೆವು: ಅಮ್ಮ ಇನ್ನು ಬೇರೆ ಮನೆಯಲ್ಲಿ ಇರುತ್ತಾಳೆ. ರಜೆಯಲ್ಲಿ ನೀನು ಅಲ್ಲಿಗೆ ಹೋಗುತ್ತೀ. ಇದು ನಿನ್ನ ತಪ್ಪಲ್ಲ. ಇಬ್ಬರೂ ಸೇರಿ ಹೇಳೋಣ ಎಂದೆ. "ಬೇಡ, ನಾನೇ ಹೇಳ್ತೀನಿ, ನಮ್ಮ ಭಾಷೇಲಿ ಹೇಳಿದ್ರೆ ಅವಳ ಮನಸ್ಸಿಗೆ ಹತ್ತುತ್ತೆ" ಅಂದರು. ಆಮೇಲೆ ಫೋನು ಮಾಡಿದಾಗಲೆಲ್ಲ, ಹೇಳಿದ್ದೇನೆ, ಅವಳಿಗೆ ಬೇಜಾರಾಗಿದೆ, ನಿನ್ನ ಜೊತೆ ಮಾತು ಬೇಡವಂತೆ ಅಂದರು. ನಾನು ನಂಬಿದೆ. ಆ ಬೇಜಾರು ನನಗೆ ಸಲ್ಲತಕ್ಕದ್ದೇ ಎಂದು ನಂಬಿದೆ.

ಮಗುವನ್ನು ಯಾಕೆ ಬಿಟ್ಟು ಬಂದೆ ಎಂದು ನೀವು ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಮಗಳು ಮೊದಲು ಆಡಿದ ಮಾತು ನನಗೆ ಅರ್ಥವಾಗಲಿಲ್ಲ. ಅವರು ನೋಟ್‌ಬುಕ್ ತೆರೆದು, ಹುಡುಕಿ, ನನಗೆ ಅರ್ಥ ಹೇಳಿದರು. ನನ್ನ ಜೊತೆ ಅವಳು ಮನೆಮಾತೇ ಆಡುತ್ತಿದ್ದಳು. ಆದರೆ ಜ್ವರ ಬಂದಾಗ, ಬಿದ್ದು ಅತ್ತಾಗ, ನಿದ್ದೆಯಲ್ಲಿ ಕನವರಿಸುವಾಗ ಅವರ ಭಾಷೆ. ನಾನು ಹತ್ತಿರ ಕೂತು, ಮಗುವಿಗೆ ಏನು ಬೇಕು ಎಂದು ಅವರನ್ನು ಕೇಳಬೇಕಿತ್ತು. "ಕರ್ಕೊಂಡು ಹೋದ್ರೆ ಅವಳು ಅತ್ತಾಗ ಏನ್ಮಾಡ್ತೀಯ?" ಎಂದು ಕೇಳಿದರು. ಉತ್ತರ ಇರಲಿಲ್ಲ. ಇದ್ದಿದ್ದರೆ ಅವಳು ಇಲ್ಲಿರುತ್ತಿದ್ದಳು.

ನಾನೇ ಬಂದು ಹೇಳಲೇ? ಆದರೆ ಆರು ತಿಂಗಳಿಂದ ಹಿಂದೆ ತಿರುಗಿ ನೋಡುತ್ತಿರುವ ಮಗುವಿನ ಹಿಂದೆ ನಾನು ಬಂದು ನಿಂತು, ನಾನು ಬರುವುದಿಲ್ಲ ಎಂದು ಹೇಳುವುದು ಹೇಗೆ? ಮೊದಲು ಅವರು ಹೇಳಲಿ. ಅವರೇ ಹೇಳಬೇಕು.

ನಿಮ್ಮ ತಮ್ಮನ ಹೆಂಡತಿ, ಇನ್ನೂ ಕಾಗದಪತ್ರಗಳಲ್ಲಿ


ಆಗಸ್ಟ್ ೧೯

ತಮ್ಮಾ,

ನಿನ್ನ ಹೆಂಡತಿಯ ಕಾಗದದ ನಕಲು ಇದರ ಜೊತೆಗಿದೆ. ಓದು. ನಿಂತುಕೊಂಡು ಓದಬೇಡ, ಸುತ್ತು ಹಾಕಬೇಡ, ಕೂತು ಓದು.

ನೀನು ಚಿಕ್ಕವನಿದ್ದಾಗ ಬೈಸಿಕೊಳ್ಳುವ ಕೆಲಸ ಮಾಡಿ ನನ್ನ ಬೆನ್ನಿಗೆ ಅವಿತುಕೊಳ್ಳುತ್ತಿದ್ದೆ. ಅಪ್ಪನಿಗೆ ನಾನೇ ಸುಳ್ಳು ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಈ ಮಗುವಿನ ಕಣ್ಣನ್ನು ದಿನಾ ನೋಡುವವಳು ನಾನು.

ಸೆಪ್ಟೆಂಬರ್ ಹತ್ತರೊಳಗೆ ಬಂದು ಹೇಳು. ಇಲ್ಲದಿದ್ದರೆ ಹನ್ನೊಂದಕ್ಕೆ ಮೆಣಸನ್ನು ಕರೆದುಕೊಂಡು ಅವಳಮ್ಮನ ಊರಿನ ಬಸ್ಸು ಹತ್ತುತ್ತೇನೆ. ಅತ್ತಾಗ ಏನು ಮಾಡಬೇಕು ಅನ್ನುವುದಕ್ಕೆ ಭಾಷೆ ಬೇಕಿಲ್ಲ, ಎತ್ತಿಕೊಂಡರೆ ಸಾಕು. ಅದನ್ನು ನಿನ್ನ ಹೆಂಡತಿಗೂ ಬರೆದಿದ್ದೇನೆ.

ಅಕ್ಕ


ಸೆಪ್ಟೆಂಬರ್ ೧

ಅಕ್ಕಾ,

ಕೂತು ಓದಿದೆ.

ಹನ್ನೆರಡು ದಿನದಿಂದ ಆ ಮೂರು ವಾಕ್ಯಗಳನ್ನು ನನ್ನ ಭಾಷೆಗೆ ತರಲು ನೋಡುತ್ತಿದ್ದೇನೆ. ಆಗುತ್ತಿಲ್ಲ. ಬೋರ್ಡಿನ ಮೇಲೆ ಬರೆಯುತ್ತೇನೆ, ಒರೆಸುತ್ತೇನೆ, ಹೊರಗೆ ಹೋಗಿ ಬೀದಿಯ ಕೊನೆಯವರೆಗೆ ನಡೆದು ವಾಪಸು ಬರುತ್ತೇನೆ. ಗುಡ್ಡದ ಜನರಿಗೆ ಹುಟ್ಟು ಕೊಟ್ಟಿದ್ದೆ, ಸಾವು ಕೊಟ್ಟಿದ್ದೆ, ಸತ್ತವರು ಎಲ್ಲರ ಕಣ್ಣೆದುರು ಇರುತ್ತಾರೆ ಎಂದು ಚೆಂದವಾಗಿ ಮಾಡಿದ್ದೆ. ಜಗಳಕ್ಕೇ ನಲವತ್ತು ಬಗೆ ಮಾಡಿದ್ದೆ. ಬದುಕಿದ್ದು, ಚೆನ್ನಾಗಿದ್ದು, ಇನ್ನೆಲ್ಲೋ ಊಟ ಮಾಡುತ್ತಾ ಇದ್ದು, ನಮ್ಮಲ್ಲಿಗೆ ಮಾತ್ರ ಬಾರದವರನ್ನು ಎಲ್ಲಿ ನಿಲ್ಲಿಸಬೇಕು? ಮುಂದೆ ನಿಲ್ಲಿಸಿದರೆ ಸತ್ತ ಹಾಗೆ. ಹಿಂದೆ ನಿಲ್ಲಿಸಿದರೆ ಬರುವ ಹಾಗೆ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಇಲ್ಲ, ಇದೂ ಜಾರಿಕೊಳ್ಳುವುದೇ. ನಿಜ ಬರೆಯುತ್ತೇನೆ. ಭಾಷೆಯಲ್ಲಿ ಜಾಗವಿಲ್ಲದ್ದರಿಂದ ಹೇಳದೆ ಉಳಿದವನಲ್ಲ ನಾನು. ಫೆಬ್ರವರಿಯಲ್ಲಿ ಅಮ್ಮ ಹಿಂದಿದ್ದಾಳೆ ಎಂದಾಗ ಮಗುವಿನ ಜೊತೆ ನಾನೂ ತಿರುಗಿ ಬಾಗಿಲು ನೋಡಿದೆ. ಈಗಲೂ ನೋಡುತ್ತೇನೆ. ನನ್ನ ಹೆಂಡತಿ ನಾಲ್ಕು ವರ್ಷ ನನ್ನ ಮನೆಯಲ್ಲಿ ಅರ್ಥವಾಗದ ಮಾತಿನ ನಡುವೆ ಕೂತಿದ್ದಳು, ಅದನ್ನು ನನ್ನ ಭಾಷೆ ಗೆದ್ದ ಪುರಾವೆ ಎಂದುಕೊಂಡೆ. ನನಗೆ ನಾಚಿಕೆಯಾಗುತ್ತಿದೆ ಅಕ್ಕ.

ಒಂಬತ್ತಕ್ಕೆ ಬರುತ್ತೇನೆ. ಮನೆಮಾತಿನಲ್ಲೇ ಹೇಳುತ್ತೇನೆ.

ತಮ್ಮ


ಸೆಪ್ಟೆಂಬರ್ ೧೧

ಅಕ್ಕಾ,

ಮೆಣಸನ್ನು ಅಂಗಡಿಯ ಬಾಗಿಲಲ್ಲಿ ಬಿಟ್ಟು, ನಿನಗೆ ಮುಖ ತೋರಿಸದೆ ಬಸ್ಸು ಹತ್ತಿದೆ. ಕ್ಷಮಿಸು. ಪಾರ್ಕಿನಲ್ಲಿ ಏನಾಯಿತು ಎಂದು ಅವಳು ನಿನಗೆ ಹೇಳಿರಲಿಕ್ಕಿಲ್ಲ.

ಬೆಂಚಿನ ಮೇಲೆ ಕೂರಿಸಿಕೊಂಡೆ. ಮೂರು ವಾಕ್ಯ, ಒಂದಾದ ಮೇಲೊಂದು. ಅವಳು ಅಳಲಿಲ್ಲ. ಚಪ್ಪಲಿಯ ಬಕಲು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡುತ್ತಿದ್ದಳು. ಆಮೇಲೆ ಕೇಳಿದಳು, "ನಿಂಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. "ಅಮ್ಮ ಹೋದ ದಿನಾನೇ" ಅಂದೆ.

ಅವಳು ಎದ್ದು ನನ್ನೆದುರು ಬಂದು ನಿಂತು, ನನ್ನ ಕಣ್ಣಿನಿಂದ ಗೇಣುದ್ದ ದೂರದಲ್ಲಿ ಗಾಳಿಯಲ್ಲಿ ಅಂಗೈ ಹಿಡಿದಳು. "ಹಾಗಾದ್ರೆ ಅದು ಇಲ್ಲಿತ್ತು. ನಿನ್ನ ಮುಂದೇನೇ ಇತ್ತು. ನೀನು ನೋಡ್ತಾನೇ ಇದ್ದೆ. ನಂಗೆ ಮಾತ್ರ ಹಿಂದೆ ನೋಡು ಅಂದೆ."

ಗೊತ್ತಾದದ್ದೆಲ್ಲ ಎದುರಿಗೆ ಎಂದು ಅವಳಿಗೆ ಕಲಿಸಿದವನು ನಾನು. ಗುಡ್ಡದ ಜನರ ಭಾಷೆಯಲ್ಲಿ ಇದಕ್ಕಿಂತ ಸರಿಯಾದ ಮಾತನ್ನು ಈವರೆಗೆ ಯಾರೂ ಆಡಿಲ್ಲ, ನಾನೂ ಆಡಿಲ್ಲ.

ಕೆಲಸ ಒಪ್ಪಿಸಲು ಇನ್ನು ಎರಡು ತಿಂಗಳಿದೆ. ಆಗಾಗ ಬರುತ್ತೇನೆ ಎಂದು ಅವಳಿಗೆ ಹೇಳಿ ಬಂದಿದ್ದೇನೆ.

ತಮ್ಮ


ಅಕ್ಟೋಬರ್ ೬

ತಮ್ಮಾ,

ಅವಳ ಅಮ್ಮ ಬಂದು ಮೂರು ದಿನ ಇದ್ದು ಹೋದಳು. ಮೊದಲ ದಿನ ಮೆಣಸು ಹತ್ತಿರ ಸುಳಿಯಲಿಲ್ಲ. ಎರಡನೆಯ ದಿನ ಮಂಡಿ ತರಚಿಕೊಂಡು ಬಂದು ಗೊಳೋ ಎಂದು ಅತ್ತಳು, ನಿನ್ನ ಭಾಷೆಯಲ್ಲಿ. ನಿನ್ನ ಹೆಂಡತಿ ಏನೂ ಕೇಳಲಿಲ್ಲ, ಎತ್ತಿಕೊಂಡಳು. ಸುಮ್ಮನಾಯಿತು. ಬೇಸಿಗೆ ರಜೆಗೆ ಅಲ್ಲಿಗೆ ಹೋಗುವುದೆಂದು ತಾಯಿ ಮಗಳು ಮಾತಾಡಿಕೊಂಡಿದ್ದಾರೆ. ಆ ಮಟ್ಟಿಗೆ ಒಳ್ಳೆಯದಾಯಿತು, ನೀನು ಹೇಳಿದ್ದರಿಂದಲೇ ಆಯಿತು.

ಕತ್ತು ತಿರುಗುವುದು ನಿಂತಿದೆ. ನೀನು ಹೋದ ಮಾರನೆಯ ದಿನದಿಂದ ಒಂದು ಸಲವೂ ಇಲ್ಲ. ಡಾಕ್ಟರು ಕಂಡಾಗ ತಮ್ಮ ಪಟ್ಟಿಯಿಂದಲೇ ಎಂದು ಖುಷಿಪಟ್ಟರು. ನಾನೂ ಖುಷಿಪಟ್ಟೆ, ಮೊನ್ನೆಯವರೆಗೆ.

ಮೊನ್ನೆ ಊಟದ ಹೊತ್ತಿಗೆ ನಿಮ್ಮ ಭಾವ, "ಮೆಣಸು, ಭಾನುವಾರ ನಿಮ್ಮಪ್ಪ ಬರ್ತಾನಂತೆ ಕಣೇ" ಅಂದರು. ನಾನು ಸೌಟು ಹಿಡಿದು ಅವಳ ಕತ್ತನ್ನೇ ನೋಡುತ್ತಿದ್ದೆ. ಕದಲಲಿಲ್ಲ. ಕೇಳಿಸಲಿಲ್ಲವೇನೋ ಎಂದು ನಾನು ಮತ್ತೆ ಹೇಳಿದೆ. "ಕೇಳಿಸ್ತು ಅತ್ತೆ" ಅಂದು ಬಟ್ಟಲಿನಿಂದ ಕೊನೆಯ ತುತ್ತು ಬಳಿದು ತಿಂದು, ಬಟ್ಟಲು ತೊಳೆಯಲು ಹೋದಳು. ಮೂರು ವಾರದಲ್ಲಿ ನೀನು ಎರಡು ಸಲ ಬರುತ್ತೇನೆಂದು ಬರೆದು ಬಂದಿಲ್ಲ. ಮೊದಲ ಸಲವೂ ಅವಳು ತಿರುಗಲಿಲ್ಲ, ಎರಡನೆಯ ಸಲವೂ ತಿರುಗಲಿಲ್ಲ, ನೀನು ಬರುತ್ತೀ ಎಂದು ಕಾಯುವುದನ್ನೇ ಬಿಟ್ಟಿದ್ದಾಳೆ ಎಂದು ನನಗೇ ಹೊಳೆದಿರಲಿಲ್ಲ.

ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಮಗುವಿನ ಕತ್ತು ಸರಿಹೋಗಲಿ ಎಂದು ನಾಲ್ಕು ತಿಂಗಳು ಒದ್ದಾಡಿದವಳು, ಒಂದು ಸಲ ತಿರುಗೇ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ.

ಭಾನುವಾರ ಬಾ. ಬರುತ್ತೇನೆಂದು ಇನ್ನು ಹೇಳಿ ಕಳಿಸಬೇಡ. ಬೆಳಿಗ್ಗೆ ಹತ್ತಕ್ಕೆ ಅವಳನ್ನು ಅಂಗಡಿಯ ಸ್ಟೂಲಿನ ಮೇಲೆ ರಸ್ತೆಯ ಕಡೆಗೆ ಮುಖ ಮಾಡಿಸಿ ಕೂರಿಸಿರುತ್ತೇನೆ, ಬಾಗಿಲು ತೆರೆದಿರುತ್ತೇನೆ. ಬಸ್ಸಿಳಿದು ರಸ್ತೆಯ ಆ ಬದಿಯಿಂದ ನಡೆದುಕೊಂಡು ಬಾ, ಅವಳಿಗೆ ಕಾಣುವ ಹಾಗೆ, ಎದುರಿನಿಂದ.

ಅಕ್ಕ